ರಮ್ಯಾಳ ದನಿಯ ಹಿಂದಿನ ಸದ್ದು

ಹುಣಸೂರು ಬಸ್ ನಿಲ್ದಾಣದ ಕಂಬಕ್ಕೆ ಒರಗಿ ಸಬ್ ಇನ್ಸ್‌ಪೆಕ್ಟರ್ ಶಾಂತಲಾ ಕಣ್ಣು ಮುಚ್ಚಿ ನಿಂತಿದ್ದಳು. ಎಡಗಿವಿಯಲ್ಲಿ ಇಯರ್‌ಫೋನು. ಬಲಗಿವಿ ಬಯಲಿಗೆ.

ಎಡಗಿವಿಯೊಳಗೆ ರಮ್ಯಾ ಮಾತಾಡಿದಳು.

"ಅವ್ವಾ, ನಾ ಹೊಂಟೆ ಕಣವ್ವ. ಬಸ್ ಬಂತು. ನೀ ಉಂಡ್ಬುಡು, ನಂಗೆ ಕಾಯ್ಬೇಡ."

ಹಾರನಹಳ್ಳಿ ಹತ್ತಿರದ ಗಂಡನ ಮನೆಯಿಂದ ಭೇರ್ಯದ ಕಡೆಯ ತವರಿಗೆ ಹೊರಟವಳು ಇದೇ ನಿಲ್ದಾಣದಿಂದ ತಾಯಿಗೆ ಕಳಿಸಿದ ಕೊನೆಯ ವಾಯ್ಸ್ ಮೆಸೇಜು ಅದು. ಆಮೇಲೆ ಫೋನು ಸತ್ತಿತ್ತು. ರಮ್ಯಾ ಏನಾದಳೆಂದು ಎರಡು ವಾರದಿಂದ ಯಾರಿಗೂ ಗೊತ್ತಿರಲಿಲ್ಲ.

"ಮೇಡಂ, ಟೀ ಆರೋಯ್ತದೆ."

ಹೆಡ್ ಕಾನ್‌ಸ್ಟೇಬಲ್ ಮಂಚಯ್ಯ ಎರಡು ಲೋಟ ಹಿಡಿದು ನಿಂತಿದ್ದ. ಮುಂದಿನ ವರ್ಷ ನಿವೃತ್ತಿಯಾಗುವ ಆಸಾಮಿ. ಆತನಿಗೆ ಈ ಕೇಸಿನಲ್ಲಿ ನಂಬಿಕೆ ಹೋಗಿ ಬಹಳ ದಿನವಾಗಿತ್ತು.

"ಎಷ್ಟು ಸಲ ಕೇಳ್ತೀರಿ ಅದನ್ನ? ಆಡಿರೋದು ನಾಕು ಮಾತು."

"ಮಾತು ಕೇಳ್ತಾ ಇಲ್ಲ ಮಂಚಯ್ಯ."

"ಮತ್ತೆ?"

"ಮಾತಿನ ಹಿಂದೆ ಇರೋದನ್ನ."

ಶಾಂತಲಾಳ ತಾಯಿ ಚೆಲುವಮ್ಮನಿಗೆ ಹರೆಯದಲ್ಲೇ ಕಿವಿ ಹೋಗಿತ್ತು. ಹಾಲು ಉಕ್ಕಿದ್ದು, ಬಾಗಿಲು ತಟ್ಟಿದ್ದು, ಹಿತ್ತಲಲ್ಲಿ ನಾಯಿ ನುಗ್ಗಿ ಕೋಳಿ ಕೂಗಿಕೊಂಡಿದ್ದು, ಎಲ್ಲವನ್ನೂ ಸೆರಗು ಜಗ್ಗಿ ಹೇಳುವ ಕೆಲಸ ಮಗಳದು. ಬೇರೆ ಮಕ್ಕಳು ಕೇಳಿಸಿಕೊಂಡು ಮರೆಯುತ್ತಿದ್ದ ಸದ್ದುಗಳನ್ನು ಶಾಂತಲಾ ಹೆಸರಿಟ್ಟು ಎತ್ತಿಡಬೇಕಾಗಿತ್ತು. ಆ ರೂಢಿ ಖಾಕಿ ಹಾಕಿದ ಮೇಲೂ ಬಿಟ್ಟಿರಲಿಲ್ಲ.

ಬಲಗಿವಿಗೆ ನಿಲ್ದಾಣ ಬಂದು ಅಪ್ಪಳಿಸುತ್ತಿತ್ತು. ಪಿರಿಯಾಪಟ್ಟಣ, ಕುಶಾಲನಗರ ಎಂದು ಗಂಟಲು ಹರಿದುಕೊಳ್ಳುವ ಕಂಡಕ್ಟರು. ಹಿಂದಕ್ಕೆ ಬರುವ ಬಸ್ಸಿಗೆ ಸೀಟಿ. ಧ್ವನಿವರ್ಧಕದಲ್ಲಿ ಮೂಗಿನಿಂದ ಮಾತಾಡುವ ಹೆಂಗಸು. ಕಡಲೆಕಾಯಿಯವನು ಬಾಣಲೆಗೆ ಸಟ್ಟುಗ ಬಡಿಯುವ ಸದ್ದು. ಕಂಬಕ್ಕೆ ಒರಗಿದವಳ ಬೆನ್ನಿನವರೆಗೂ ಎಂಜಿನ್ನುಗಳ ನಡುಕ ಬರುತ್ತಿತ್ತು.

ಎಡಗಿವಿಯಲ್ಲಿ ಇದ್ಯಾವುದೂ ಇಲ್ಲ.

ಅಲ್ಲೂ ಒಂದು ಬಸ್ಸಿತ್ತು. ಒಂದೇ ಒಂದು. ದೂರದ ತಿರುವಿನಲ್ಲಿ ಹಾರನ್ ಹೊಡೆದು ಹತ್ತಿರ ಬರುತ್ತಿರುವ ಬಸ್ಸು. ಉಳಿದಂತೆ ಸೊರ್ರೆಂದು ಎಡೆಬಿಡದ ಕರಕರ. ಅದನ್ನು ಫೋನಿನ ದೋಷವೆಂದು ಎಲ್ಲರೂ ತಳ್ಳಿಹಾಕಿದ್ದರು. ಶಾಂತಲಾ ಕೂಡ.

ಚಹಾದಂಗಡಿಯವನು ಡ್ರಮ್ಮನ್ನು ಬಗ್ಗಿಸಿ ಬಕೆಟ್ಟಿಗೆ ನೀರು ಸುರಿದ.

ಶಾಂತಲಾ ಕಣ್ಣು ಬಿಟ್ಟಳು. ಮೆಸೇಜನ್ನು ಮತ್ತೆ ಹಾಕಿದಳು. ಅಂಗಡಿಯವನು ಸುರಿಯುವುದನ್ನು ನಿಲ್ಲಿಸಿದ, ಕಿವಿಯೊಳಗಿನದು ನಿಲ್ಲಲಿಲ್ಲ.

"ಮಂಚಯ್ಯ, ಇದು ನೀರು."

"ಯಾವುದು?"

"ನಾವು ಕರಕರ ಅಂದ್ಕೊಂಡಿದ್ವಲ್ಲ, ಅದು ಮೇಲಿಂದ ಬೀಳ್ತಾ ಇರೋ ನೀರು. ರಮ್ಯಾ ಇದನ್ನ ಹೇಳುವಾಗ ಈ ಬಸ್ ಸ್ಟ್ಯಾಂಡಲ್ಲಿ ಇರಲೇ ಇಲ್ಲ."

ಮಂಚಯ್ಯ ಇಯರ್‌ಫೋನು ಇಸಿದುಕೊಂಡು ಕೇಳಿದ. ಮುಖ ಗಂಟಿಕ್ಕಿದ.

"ಆದ್ರೆ ಮೆಸೇಜು ಇಲ್ಲಿಂದ್ಲೇ ಓಗಿರೋದು ಮೇಡಂ. ಟವರು ಪಕ್ಕಾ."

"ಮೆಸೇಜು ಇಲ್ಲಿಂದ ಹೋಗಿದೆ. ಮಾತು ಇಲ್ಲಿ ಆಡಿದ್ದಲ್ಲ. ಯಾರೋ ಇನ್ನೊಂದು ಫೋನಲ್ಲಿದ್ದ ಹಳೇ ದನಿಯನ್ನ ಎಲ್ಲೋ ಸದ್ದಿಲ್ಲದ ಕಡೆ ಅವಳ ಫೋನಿಗೆ ಕೇಳಿಸಿ, ಇಲ್ಲಿಗೆ ತಂದು ಕಳಿಸಿದ್ದಾರೆ."

ಮಂಚಯ್ಯ ಲೋಟವನ್ನು ಕಟ್ಟೆಯ ಮೇಲಿಟ್ಟ. "ಅಂಗಾದ್ರೆ ಆ ಹೊತ್ಗೆ ಹುಡುಗಿ..."

ಬದುಕಿರುವವಳ ದನಿಯನ್ನು ಕದ್ದು ಯಾರೂ ಕಳಿಸುವುದಿಲ್ಲ.

ಹಿಂದಿನ ಸಂಜೆಯಷ್ಟೇ ಮೇಲಧಿಕಾರಿಗಳು ಫೋನು ಮಾಡಿ ಈ ವಾರ ಫೈಲು ಮುಚ್ಚಲು ಹೇಳಿದ್ದರು. ರಮ್ಯಾಳಂಥವಳು ಯಾರೋ ಗಂಡಸಿನ ಜೊತೆ ಕೂಡುರಸ್ತೆಯ ಹ್ಯಾಂಡ್‌ಪೋಸ್ಟ್‌ನಲ್ಲಿ ಕೇರಳದ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರಂತೆ. ಕಂಡವರು ಯಾರೆಂದು ಕೇಳಿದರೆ ಹೆಸರಿಲ್ಲ. ಓಡಿಹೋದವಳೆಂದು ಬರೆದುಬಿಟ್ಟರೆ ಎಲ್ಲರಿಗೂ ನೆಮ್ಮದಿ.

"ಎಲ್ಲಿಯ ನೀರು ಇರಬಹುದು?" ಶಾಂತಲಾ ಕೇಳಿದಳು. "ಗಂಡನ ಊರು?"

"ಹಾರನಹಳ್ಳಿ ಕಡೆ ಎಲ್ಲಿ ಬಂತು ಮೇಡಂ ಬೀಳೋ ನೀರು? ಹೊಗೆಸೊಪ್ಪಿನ ಸೀಮೆ ಅದು. ಬೋರು ಹಾಕಿದ್ರೆ ಒಸಿ ಹೊತ್ತು ಗಾಳಿ ಉಗುಳ್ತದೆ. ಇಂಗೆ ಧುಮುಕ್ಬೇಕು ಅಂದ್ರೆ ಅದು ಕಾಲುವೆ."

"ಕಾಲುವೆ ಅಂದ್ರೆ?"

"ಕೆ.ಆರ್. ನಗರ," ಅಂದ ಮಂಚಯ್ಯ. ಹಾಗೆಂದ ಮೇಲೆ ಆತನಿಗೇ ಅದರ ಅರ್ಥ ಹೊಳೆಯಿತು.

ರಮ್ಯಾಳ ತವರು ಇದ್ದದ್ದು ಅಲ್ಲೇ.

*

ಜೀಪನ್ನು ಶಾಂತಲಾ ಭೇರ್ಯದಲ್ಲೇ ನಿಲ್ಲಿಸಿದಳು. ಪೊಲೀಸ್ ಜೀಪು ಹೊಕ್ಕ ಊರಿನಲ್ಲಿ ಕೇಳಲು ಏನೂ ಉಳಿಯುವುದಿಲ್ಲ. ನಾಯಿಗಳು ಬೊಗಳುತ್ತವೆ, ಜನ ಸುಮ್ಮನಾಗುತ್ತಾರೆ. ಖಾಕಿ ಬಿಟ್ಟು ಸೀರೆಯುಟ್ಟಿದ್ದವಳು ಆಟೋ ಹಿಡಿದು ರಮ್ಯಾಳ ತವರೂರು ಮಾಯಿಗನಕೊಪ್ಪಲಿಗೆ ಬಂದಿಳಿದಳು.

"ಫೋನ್ ಮಾಡ್ತೀನಿ, ಮಾಡದೆ ಇದ್ರೆ ಸಂಜೆ ಹೊತ್ತಿಗೆ ಬಂದುಬಿಡಿ," ಎಂದು ಮಂಚಯ್ಯನಿಗೆ ಹೇಳಿದ್ದಳು.

ಊರಿನ ತಲೆಯಲ್ಲೇ ಹೊಂಗೆಮರ, ಅದರ ಕೆಳಗೆ ಬಸ್ಸಿಗೆ ಕಾಯುವವರ ಕಲ್ಲುಬೆಂಚು. ಹಿಂದುಗಡೆ ಕಾಲುವೆ. ಕಾಲುವೆಯ ನೀರು ತೂಬಿನ ಬಾಯಿಂದ ಆಳೆತ್ತರ ಕೆಳಕ್ಕೆ ಬಿದ್ದು ನೊರೆಯೆದ್ದು ಗದ್ದೆಗಳ ಕಡೆ ಹರಿಯುತ್ತಿತ್ತು. ರಸ್ತೆಯಾಚೆ ರಮ್ಯಾಳ ತಾಯಿ ರುಕ್ಮಿಣಮ್ಮನ ಮನೆ. ಬೆಂಚಿನ ಮೇಲೆ ಕೂತರೆ ಆ ಮನೆಯ ಒಳಗಿನ ದೀಪವೂ ಕಾಣುತ್ತಿತ್ತು.

ಶಾಂತಲಾ ಕೂತಳು. ಒಂದು ಕಿವಿಗೆ ಇಯರ್‌ಫೋನು ಹಾಕಿದಳು.

"ಅವ್ವಾ, ನಾ ಹೊಂಟೆ ಕಣವ್ವ..."

ಎರಡೂ ಕಿವಿಯಲ್ಲಿ ಒಂದೇ ನೀರು. ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಗುರುತು ಹಿಡಿಯಲಾಗದಷ್ಟು ಒಂದೇ. ದೂರದ ತಿರುವಿನಲ್ಲಿ ನಿಜವಾದ ಬಸ್ಸೊಂದು ಹಾರನ್ ಹೊಡೆದಾಗ ಅವಳ ತೋಳಿನ ಕೂದಲು ನಿಮಿರಿತು.

ರಮ್ಯಾ ಇದೇ ಬೆಂಚಿನ ಹತ್ತಿರ ನಿಂತು ಆ ಮಾತು ಆಡಿದ್ದಳು. ತವರಿಗೆ ಬರುವವಳಾಗಿ ಅಲ್ಲ, ತವರಿನಿಂದ ಹೊರಟವಳಾಗಿ. ತಾಯಿ ಗದ್ದೆಯಲ್ಲೋ ಎಲ್ಲೋ ಇದ್ದಿರಬೇಕು. ಮಗಳು ಹೇಳಿಹೋಗಲು ಕಾಯದೆ ಬಸ್ಸು ಹತ್ತಿದ್ದಾಳೆ.

ಆದರೆ ಒಂದು ಸದ್ದು ಹೊಂದಲಿಲ್ಲ. "ಕಾಯ್ಬೇಡ" ಎನ್ನುವಾಗ, ಅವಳ ದನಿಯ ಪಕ್ಕದಲ್ಲೇ ಏನೋ ಟೊಳ್, ಟೊಳ್ ಎನ್ನುತ್ತಿತ್ತು. ಗಂಟೆ. ಆದರೆ ಗಂಟೆಯ ಇಂಪಿಲ್ಲ. ಬಿರುಕು ಬಿಟ್ಟ ಪಾತ್ರೆಯನ್ನು ಸೌಟಿನಲ್ಲಿ ಮುಟ್ಟಿದ ಹಾಗೆ.

ರಸ್ತೆಬದಿಯಲ್ಲಿ ಕಟ್ಟಿದ್ದ ಹಸು ಎಮ್ಮೆಗಳ ಕತ್ತು ನೋಡಿದಳು. ಬರೀ ನೈಲಾನ್ ಹಗ್ಗ.

ಕಾಲುವೆಯ ಮೆಟ್ಟಿಲ ಮೇಲೆ ಪಾತ್ರೆ ಉಜ್ಜುತ್ತಿದ್ದ ನಡುವಯಸ್ಸಿನ ಹೆಂಗಸು ಇವಳನ್ನೇ ನೋಡುತ್ತಿದ್ದಳು. "ಯಾವೂರಾಯ್ತವ್ವ? ಬಸ್ ಈಗ್ತಾನೆ ಓಯ್ತಲ್ಲ, ಹತ್ನಿಲ್ವ?"

"ಹುಣಸೂರಿಂದ ಬಂದೆ ಅಕ್ಕ. ಹಸು ನೋಡೋಕೆ. ಇಲ್ಲಿ ಯಾರ್ದೋ ಹಸುಗೆ ಒಡಕು ಗಂಟೆ ಕಟ್ಟಿದ್ರಂತಲ್ಲ?"

"ಅಯ್ಯೋ, ರುಕ್ಮಿಣಕ್ಕನ ಕೆಂದಹಸ!" ಹೆಂಗಸು ಬೂದಿಗೈಯಲ್ಲೇ ಹಣೆ ಒರೆಸಿಕೊಂಡಳು. ಹೆಸರು ಮಾಯಮ್ಮ. "ಅದೆಲ್ಲೈತೆ ಈಗ? ಗಂಟುರೋಗ ಬಂದು ಆಷಾಢದಲ್ಲೇ ಸತ್ತೋಯ್ತು. ಮೈಯೆಲ್ಲಾ ಬೊಕ್ಕೆ ಎದ್ದು, ನೋಡಕ್ಕಾಗ್ನಿಲ್ಲ ಕಣವ್ವ. ರುಕ್ಮಿಣಕ್ಕ ಅದ್ರ ಗಂಟೆನೂ ಜತೇಲೇ ಹೂತ್ಸಿದ್ಲು. ಅದ್ರ ಸದ್ದು ಕೇಳುದ್ರೆ ಕರ್ಳು ಕಿತ್ತು ಬತ್ತದೆ ಅಂತ."

ಶಾಂತಲಾ ಹ್ಞೂಂಗುಟ್ಟಿದಳು.

ಆಷಾಢದಲ್ಲಿ ಸತ್ತ ಹಸುವಿನ ಗಂಟೆ ಕಾರ್ತಿಕದಲ್ಲಿ ಹುಣಸೂರಿನ ನಿಲ್ದಾಣದಿಂದ ಮೊಳಗಿತ್ತು.

ದನಿ ಹಳೆಯದೆಂದು ಸಾಬೀತಾಯಿತು. ಅಷ್ಟೇ ಆಗಿದ್ದರೆ ಗಂಡ ಚಲುವರಾಜುವಿನ ಕತ್ತಿಗೇ ಅದು ಸುತ್ತಿಕೊಳ್ಳಬೇಕಿತ್ತು. ಹೆಂಡತಿಯ ಫೋನು ಅವನ ಮನೆಯಲ್ಲೇ ಇದ್ದದ್ದು. ಆದರೆ ಗೌರಿ ಹಬ್ಬದ ಹೊತ್ತಿಗೆ ಅದೇ ಚಲುವರಾಜು ಕುಡಿದು ಬಂದು ರಮ್ಯಾಳ ಹಳೆಯ ಫೋನನ್ನು ಕಲ್ಲಿಗೆ ಹೊಡೆದು ಪುಡಿಮಾಡಿದ್ದ. ಆಮೇಲೆ ಬಂದದ್ದು ಹೊಸ ಫೋನು, ಹೊಸ ನಂಬರು. ಅದಕ್ಕೂ ಮುಂಚಿನ ಒಂದು ಮಾತೂ ಅದರಲ್ಲಿರಲಿಲ್ಲ.

ಆಷಾಢದ ಹಿಂದಿನ ಈ ದನಿ ಉಳಿದಿರಲು ಸಾಧ್ಯವಿದ್ದದ್ದು ಒಂದೇ ಫೋನಿನಲ್ಲಿ. ಯಾರಿಗೆ ಕಳಿಸಿದ್ದಳೋ ಅವರದರಲ್ಲಿ.

ಶಾಂತಲಾ ರಸ್ತೆಯಾಚೆಯ ಮನೆಯನ್ನು ನೋಡಿದಳು. ದೂರು ಕೊಡಲು ಠಾಣೆಗೆ ಬಂದು ಎದೆ ಬಡಿದುಕೊಂಡಿದ್ದ ರುಕ್ಮಿಣಮ್ಮ ನೆನಪಾದಳು. ಆವತ್ತು ಅವಳ ಮಗ ಸಾಗರ್, "ನನ್ನ ತಂಗಿನ ತಿಂದ್ಕೊಂಡ್ಯಲ್ಲೋ" ಎಂದು ಭಾವ ಚಲುವರಾಜುವಿನ ಅಂಗಿ ಹಿಡಿದು ಹರಿದುಹಾಕಿದ್ದ. ಬಿಡಿಸಲು ಮಂಚಯ್ಯನ ಜೊತೆ ಇನ್ನಿಬ್ಬರು ಬೇಕಾಗಿತ್ತು. ದೂರು ಕೊಟ್ಟವರ ಮನೆಯನ್ನು ಯಾರು ಹುಡುಕುತ್ತಾರೆ?

*

ರುಕ್ಮಿಣಮ್ಮನ ಮನೆಯ ಗೋಡೆಗಳಿಗೆ ಹೊಸ ಬಣ್ಣ ಬಳಿದಿದ್ದರು. ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಜಗುಲಿಯ ಮೂಲೆಯಲ್ಲಿ ಬಾಡಿಗೆಗೆ ತಂದ ದೊಡ್ಡ ಒಲೆಗಳು, ಗ್ಯಾಸ್ ಸಿಲಿಂಡರುಗಳು, ಮಗುಚಿಟ್ಟ ಕೊಪ್ಪರಿಗೆ.

ರುಕ್ಮಿಣಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಶಾಂತಲಾಳನ್ನು ಕಂಡು ಎದ್ದು ನಿಂತಳು. ಮಡಿಲಿನ ಕಾಯಿ ನೆಲಕ್ಕೆ ಚೆಲ್ಲಿತು.

"ಸಿಕ್ಕುದ್ಲಾ?"

"ಇಲ್ಲಮ್ಮ."

ಆ ಮುಖದಲ್ಲಿ ಮೂಡಿದ್ದು ನಿರಾಸೆಯಲ್ಲ. ಏನೋ ಗಂಡಾಂತರ ತಪ್ಪಿತೆಂಬ ಸಡಿಲಿಕೆ. ಕ್ಷಣದಲ್ಲೇ ಅದು ಮಾಯವಾಯಿತು.

"ಬನ್ನಿ, ಒಳಗೆ ಕೂತ್ಕಳನ. ಇಲ್ಲಿ ಮಾತಾಡುದ್ರೆ ಊರೆಲ್ಲ ಕಿವಿ ಕೊಡ್ತದೆ," ಎಂದು ನಡುಮನೆ ದಾಟಿಸಿ ಹಿಂದಿನ ಕೋಣೆಗೆ ಕರೆದೊಯ್ದಳು. ಕಾಳು ಮೂಟೆ ಇಡುವ ಕೋಣೆ. ಕಿಟಕಿಯಿಲ್ಲ, ಮೇಲೊಂದು ಗಾಜಿನ ಹೆಂಚು ಅಷ್ಟೇ. ಶಾಂತಲಾ ಚಾಪೆಯ ಮೇಲೆ ಕೂತಳು.

"ಮನೇಲಿ ಏನು ವಿಶೇಷ?"

"ಸಾಗರಂದು ಮದ್ವೆ. ಮೊದ್ಲೇ ಗೊತ್ತಾಗಿದ್ದು. ನಿಲ್ಸಕ್ಕಾಗ್ನಿಲ್ಲ."

"ಒಳ್ಳೇದು. ಹುಡುಗಿ ಎಲ್ಲಿಯೋಳು?"

ರುಕ್ಮಿಣಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಪಿರಿಯಾಪಟ್ಟಣದ ಕಡೆ."

"ಪಿರಿಯಾಪಟ್ಟಣದ ಕಡೆ ಅಂದ್ರೆ?"

"ಹಾರನಹಳ್ಳಿ ತಾವ."

"ಅಮ್ಮ, ಹುಡುಗಿ ಯಾರು?"

"ಚಲುವರಾಜು ತಂಗಿ."

ಶಾಂತಲಾಳ ತಲೆಯೊಳಗೆ ಹರಿದುಹೋದ ಆ ಅಂಗಿಯ ಚಿತ್ರ ಬಂತು. ಠಾಣೆಯ ಮುಂದೆ ಅಷ್ಟು ಜನರೆದುರು ಹರಿದ ಅಂಗಿ.

"ನಿಮ್ಮ ಮಗಳನ್ನ ಕೊಂದಿದ್ದಾನೆ ಅಂತ ನಿಮ್ಮ ಮಗ ಯಾರ ಮೇಲೆ ಬಿದ್ನೋ, ಅವನ ತಂಗಿಯನ್ನೇ ತರ್ತಾ ಇದ್ದೀರಾ?"

"ನನ್ನ ಮಗಂಗೆ ಮೂವತ್ತಾರು ಕಣವ್ವ." ರುಕ್ಮಿಣಮ್ಮನ ದನಿ ಏರಲಿಲ್ಲ. "ಎಷ್ಟು ಮನೆ ಮೆಟ್ಲು ಹತ್ತುದ್ವಿ ಗೊತ್ತಾ? ಗದ್ದೆ ಐತೆ, ನೀರೈತೆ, ಮನೆ ಐತೆ. ಹುಡುಗಿ ಕೇಳುದ್ರೆ, ಬೇಸಾಯ ಮಾಡೋನ್ಗೆ ಕೊಡಲ್ಲ ಅಂತಾರೆ. ಓದಿರೋ ಹುಡುಗೀರು ಮೊಕ ನೋಡ್ದೆ ಒಳಕ್ಕೋಯ್ತಾರೆ. ವರ್ಷಾನುಗಟ್ಲೆ ಇದೇ ಆಯ್ತು. ಊಟ ಬುಟ್ಟ, ಮಾತು ಬುಟ್ಟ. ಬಾವಿ ಕಡೆ ಹೋದ್ರೆ ನಾನು ಹಿಂದೆ ಓಡ್ತಿದ್ದೆ. ಕೊನೆಗೆ ಚಲುವರಾಜು ಒಪ್ಕಂಡ. ನಮ್ಮೋಳು ಅವನ ಮನೇಲಿ, ಅವರೋಳು ನಮ್ಮನೇಲಿ."

"ರಮ್ಯಾ ಅವನ ಮನೆ ಬಿಟ್ಟು ಬಂದ್ರೆ?"

ರುಕ್ಮಿಣಮ್ಮ ಮತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು.

ಶಾಂತಲಾ ಫೋನು ತೆಗೆದು ಚಾಪೆಯ ಮೇಲಿಟ್ಟಳು. ಮೆಸೇಜನ್ನು ಹಾಕಿದಳು. ಕೋಣೆಯೊಳಗೆ ರಮ್ಯಾ ಬಂದು ಹೋದಳು. ಹಿಂದೆ ನೀರು ಬಿತ್ತು. ಟೊಳ್, ಟೊಳ್.

"ಇದನ್ನ ನೀವು ದಿನಾ ಕೇಳ್ತೀರಿ ಅಂತ ಸ್ಟೇಷನ್ನಲ್ಲಿ ಹೇಳಿದ್ರಿ. ನಿಮ್ಮ ಹಸುವಿನ ಗಂಟೆ ನಿಮಗೆ ಗೊತ್ತಾಗ್ಲಿಲ್ವಾ?"

ಕೇಳುವಾಗಲೇ ಶಾಂತಲಾಳಿಗೆ ಒಂದು ಆಸೆಯಿತ್ತು. ಈ ತಾಯಿ ಕಣ್ಣರಳಿಸಿ, ಹೌದಲ್ಲ ಎಂದು ಬೆಚ್ಚಿಬೀಳಲಿ. ಅಷ್ಟಾದರೆ ಸಾಕು.

"ಬಂದ ದಿನಾನೇ ಗೊತ್ತಾಯ್ತು," ಅಂದಳು ರುಕ್ಮಿಣಮ್ಮ.

ಅವಳೇ ಮುಂದುವರಿಸಿದಳು.

"ನನ್ನ ಕೈಯ್ಯಾರೆ ಸಾಕಿದ ಹಸ. ಆ ಗಂಟೆ ಒಡ್ದಿದ್ದು ರಮ್ಯಾನೇ, ಚಿಕ್ಕೋಳಿದ್ದಾಗ. ಗೊತ್ತಾಗದೆ ಇರ್ತದಾ? ಮೊದ್ಲ ಸಲ ಕೇಳ್ದಾಗ್ಲೇ ಹಳೇದನ್ನ ತೆಗ್ದು ನೋಡ್ದೆ. ಇದೇ ಮಾತು. ಅವತ್ತು ನಾನು ಕಳೆ ಕೀಳಕ್ಕೋಗಿದ್ದೆ. ನಾನು ಬರೋಗಂಟ ಇದ್ರೆ ಅತ್ತು ಕಳಿಸ್ಬೇಕಾಯ್ತದೆ ಅಂತ ಹೇಳ್ದೆ ಓಗಿದ್ಲು."

"ಇಷ್ಟು ಗೊತ್ತಿದ್ದೂ ದೂರು ಕೊಟ್ರಿ?"

"ಸಾಗರ ಕೊಡು ಅಂದ. ಕೊಟ್ಟೆ."

"ಕಾಣೆಯಾದ ದಿನ ರಮ್ಯಾ ಇಲ್ಲಿಗೇ ಬಂದಿದ್ಲು, ಅಲ್ವಾ?"

"ಬೆಳ್ಗಾಗೆ ಮೊದ್ಲ ಬಸ್ಸಿಗೇ ಬಂದ್ಲು. ಯಾರೂ ನೋಡ್ನಿಲ್ಲ. ತುಟಿ ಊದಿತ್ತು. ಇನ್ನು ಆ ಮನೆಗೆ ಕಾಲಿಡಾಕಿಲ್ಲ ಅವ್ವ ಅಂದ್ಲು." ರುಕ್ಮಿಣಮ್ಮ ಒಂದು ಅವರೆಕಾಳನ್ನು ಸೆರಗಿನಿಂದ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು. "ನಾನು, ಇದೊಂದು ಮದ್ವೆ ಮುಗೀಲಿ, ಅಲ್ಲೀಗಂಟ ತಡ್ಕೋ ಅಂದೆ. ಅವ್ಳು ನನ್ನ ಮೊಕ ನೋಡುದ್ಲು ಕಣವ್ವ. ನೋಡ್ತಾನೆ ಇದ್ಲು. ಸಾಗರ ನಾನು ಮಾತಾಡ್ತೀನಿ, ನೀನು ಡೈರಿಗೋಗಿ ಹಾಲು ಹಾಕಿ ಬಾ ಅಂದ. ಬರೋ ಹೊತ್ಗೆ ಇಬ್ರೂ ಇರ್ನಿಲ್ಲ. ಅವ್ಳ ಚಪ್ಲಿ ಬಾಗ್ಲಲ್ಲೇ ಇತ್ತು."

ಶಾಂತಲಾ ಚಾಪೆಯ ಮೇಲೆ ಮುಂದಕ್ಕೆ ಸರಿದಳು.

"ಅವಳು ಎಲ್ಲಿದ್ದಾಳೆ?"

"ಗೊತ್ತಿಲ್ಲ."

"ಮಗನನ್ನ ಕೇಳಲಿಲ್ವಾ?"

"ಕೇಳ್ನಿಲ್ಲ." ರುಕ್ಮಿಣಮ್ಮ ಮೊದಲ ಸಲ ತಲೆಯೆತ್ತಿ ನೋಡಿದಳು. "ಕೇಳುದ್ರೆ ಅವ್ನು ಹೇಳ್ಬುಡ್ತಾನೆ."

ಶಾಂತಲಾ ಚಾಪೆಯ ಮೇಲಿದ್ದ ತನ್ನ ಫೋನನ್ನು ಎತ್ತಿಕೊಂಡಳು.

"ಆ ಹಳೇ ಮೆಸೇಜು ಇನ್ನೂ ಇದೆಯಾ?"

ರುಕ್ಮಿಣಮ್ಮ ರವಿಕೆಯೊಳಗಿಂದ ಫೋನು ತೆಗೆದಳು. ಮೇಲಂಚಿನಲ್ಲಿ ಗೆರೆ ಬಿದ್ದ ಪರದೆ. ಹೆಬ್ಬೆರಳು ತಡಕಾಡದೆ ಬೇಕಾದ ಜಾಗಕ್ಕೆ ಹೋಯಿತು. ರಮ್ಯಾ ಹಳೇ ನಂಬರು ಎಂದಿತ್ತು. ಅದರ ಕೆಳಗೆ ಸಾಲುಸಾಲು ದನಿಗಳು. ಅಡಿಗೆ ಕೇಳಿದ್ದು, ಜ್ವರ ಬಂದದ್ದು ಹೇಳಿದ್ದು, ಸುಮ್ಮನೆ ನಕ್ಕದ್ದು. ಕೊನೆಗೆ ಅದು.

"ಅವ್ವಾ, ನಾ ಹೊಂಟೆ ಕಣವ್ವ..."

ಹುಣಸೂರಿನಿಂದ ಬಂದ ನಕಲಿಗಿಂತ ಇದು ತಿಳಿಯಾಗಿತ್ತು. ಇದರಲ್ಲಿ ರಮ್ಯಾ ಮಾತಿನ ನಡುವೆ ಮೂಗೆಳೆದುಕೊಂಡದ್ದು ಕೇಳಿತು. ಅವಳು ಅವತ್ತೂ ಅತ್ತಿದ್ದಳು.

"ಅಮ್ಮ, ಅದನ್ನ ನನಗೆ ಕೊಡಿ." ಶಾಂತಲಾ ಕೈ ಚಾಚಿದಳು, ಮೆಲ್ಲಗೆ. "ಇದೊಂದಿದ್ರೆ ಸಾಕು. ನಿಮ್ಮ ಮಗಳಿಗೆ ಏನಾಯ್ತು ಅಂತ ಕೇಳೋರು ಒಬ್ರಾದ್ರೂ ಇರ್ತಾರೆ."

"ಇದೊಂದೇ ನಿಮ್ಗಿರೋ ಸಾಕ್ಷಿ?"

ಶಾಂತಲಾ ಸುಳ್ಳು ಹೇಳಬಹುದಿತ್ತು. ಬೇಕಾದಷ್ಟಿವೆ ಎನ್ನಬಹುದಿತ್ತು. ಆದರೆ ಆ ಕಣ್ಣುಗಳೆದುರು ಒಂದು ಗಳಿಗೆ ತಡವಾಯಿತು. ರುಕ್ಮಿಣಮ್ಮನಿಗೆ ಆ ತಡವೇ ಉತ್ತರವಾಯಿತು.

ಹೆಬ್ಬೆರಳು ಪರದೆಯ ಮೇಲೆ ಒತ್ತಿ ನಿಂತಿತು. ಶಾಂತಲಾ ಮುಂದಕ್ಕೆ ಹಾರಿದಳು. ಫೋನು ಕೈಗೆ ಸಿಗುವ ಹೊತ್ತಿಗೆ ಆ ಹೆಸರಿನ ಕೆಳಗೆ ಏನೂ ಇರಲಿಲ್ಲ. ಕೊನೆಯದೊಂದೇ ಅಲ್ಲ. ಅಡಿಗೆ, ಜ್ವರ, ನಗು, ಎಲ್ಲ ಅಳಿಸಿಹೋಗಿತ್ತು.

"ಏನು ಮಾಡಿದ್ರಿ ನೀವು!"

"ಹೋದೋಳು ಹೋದ್ಲು." ರುಕ್ಮಿಣಮ್ಮ ಗೋಡೆಗೆ ತಲೆ ಆನಿಸಿ ಕೂತಳು. ಅಳು ಬರಲಿಲ್ಲ, ಬರಿದೇ ಉಸಿರು ಹೋಗಿ ಬರುತ್ತಿತ್ತು. "ಇವನನ್ನೂ ಕರ್ಕೊಂಡೋದ್ರೆ ನಾನ್ಯಾಕೆ ಎದ್ದು ಒಲೆ ಹಚ್ಲಿ?"

ಪ್ರಯೋಗಾಲಯಕ್ಕೆ ಕಳಿಸಿದರೆ ಅಳಿಸಿದ್ದು ವಾಪಸು ಸಿಗಬಹುದು, ಸಿಗದೆಯೂ ಇರಬಹುದು. ಅಷ್ಟರಲ್ಲಿ ಫೈಲು ಮುಚ್ಚಿರುತ್ತದೆ. ಶಾಂತಲಾ ಎರಡು ಫೋನುಗಳನ್ನೂ ಕೈಯಲ್ಲಿ ಹಿಡಿದು ನಿಂತಳು. ಒಂದರಲ್ಲಿ ಹಳೆಯ ಯಾವ ದನಿಯೂ ಇಲ್ಲ, ಇನ್ನೊಂದರಲ್ಲಿ ಕದ್ದ ದನಿ.

ಮನೆಯ ಮುಂದೆ ಬೈಕು ಬಂದು ನಿಂತಿತು.

ಸ್ಟ್ಯಾಂಡು ಹಾಕಿದ ಸದ್ದು. ಚಪ್ಪಲಿ ಕಳಚಿದ ಸದ್ದು ಎರಡು ಜೊತೆ. ಯಾರೋ ಜಗುಲಿಯ ಮೇಲಿನ ಕೊಡದಿಂದ ನೀರು ಬಗ್ಗಿಸಿ ಗಟಗಟ ಕುಡಿದರು. ಶಾಂತಲಾ ತುಟಿಗೆ ಬೆರಳಿಟ್ಟು ರುಕ್ಮಿಣಮ್ಮನನ್ನು ನೋಡಿದಳು.

"ಅವ್ವ ಇಲ್ಲ ಅನ್ಸುತ್ತೆ. ಗದ್ದೆ ಕಡೆ ಓಗಿರ್ಬೇಕು," ಅಂದದ್ದು ಸಾಗರ್.

"ಇಲ್ದಿದ್ರೇನೇ ಒಳ್ಳೇದು ಬುಡು," ಅಂದಿತು ಇನ್ನೊಂದು ದನಿ.

ಶಾಂತಲಾ ಆ ದನಿಯನ್ನು ವಿಚಾರಣೆಯಲ್ಲಿ ಬಹಳ ಹೊತ್ತು ಕೇಳಿದ್ದಳು. ಮಾತಿಗೆ ಮುಂಚೆ ಗಂಟಲು ಕೆರೆದುಕೊಳ್ಳುವ ರೂಢಿ. ಚಲುವರಾಜು. ಈ ಊರಿಗೆ ಕಾಲಿಟ್ಟರೆ ಸಾಗರ್ ಕಡಿದುಹಾಕುತ್ತಾನೆ, ರಕ್ಷಣೆ ಕೊಡಿ ಎಂದು ಠಾಣೆಯಲ್ಲಿ ಅತ್ತಿದ್ದ ಚಲುವರಾಜು, ಸಾಗರನ ಬೈಕಿನ ಹಿಂದೆ ಕೂತು ಬಂದಿದ್ದ.

"ಆ ಎಸ್‌ಐ ಹೆಂಗಸು ಬುಡೋ ಅಂಗೆ ಕಾಣಾಕಿಲ್ಲ ಕಣ್ಲಾ," ಚಲುವರಾಜು ಹೇಳುತ್ತಿದ್ದ. "ಹ್ಯಾಂಡ್‌ಪೋಸ್ಟ್ ಕತೆ ಒಬ್ರೂ ನಂಬ್ತಾ ಇಲ್ಲ ಅಂತೆ. ಅವ್ಳದ್ದು ಇನ್ನೊಂದು ಮೆಸೇಜು ಬರ್ಬೇಕು. ಕೇರಳದಿಂದ ಬಂದಂಗೆ."

"ಇನ್ನೊಂದು ಎಲ್ಲಿಂದ ತರನ?"

"ನಿಮ್ಮವ್ವನ ಫೋನಲ್ಲಿ ಇನ್ನೂ ಅವಲ್ಲ? ಚೆನ್ನಾಗಿವ್ನಿ ಅನ್ನೋದು ಯಾವುದಾದ್ರೂ ಇದ್ದೇ ಇರ್ತದೆ, ಹುಡ್ಕು."

ಬರಿದಾದ ಫೋನು ಶಾಂತಲಾಳ ಕೈಯಲ್ಲೇ ಇತ್ತು.

ಅವಳು ರುಕ್ಮಿಣಮ್ಮನ ಮುಖ ನೋಡಿದಳು. ಇಬ್ಬರೂ ಅದೇ ಮಾತುಗಳನ್ನು ಕೇಳಿದ್ದರು. ಮಗಳನ್ನು ಹೊಡೆದವನೂ ಮಗಳನ್ನು ಕರೆದೊಯ್ದವನೂ ಒಂದೇ ಕೊಡದ ನೀರು ಕುಡಿದು, ಸತ್ತವಳ ದನಿಗಾಗಿ ಜಗುಲಿಯ ಮೇಲೆ ಕೂತಿದ್ದರು. ಈಗಲಾದರೂ, ಎಂದುಕೊಂಡಳು ಶಾಂತಲಾ. ಈಗಲಾದರೂ ಈ ಹೆಂಗಸಿಗೆ ಸಿಟ್ಟು ಬರಬೇಕು.

ರುಕ್ಮಿಣಮ್ಮ ಬಾಯಿ ತೆರೆದಳು.

"ಸಾಗರಾ! ಒಳಗೆ ಪೊಲೀಸ್ನೋರವ್ರೆ ಕಣಪ್ಪಾ! ಓಡೋಗು!"

ಶಾಂತಲಾ ಬಾಗಿಲಿಗೆ ನುಗ್ಗಿದಳು. ಓಡುವ ಸದ್ದು ಬಂತು, ಆದರೆ ಹೊರಕ್ಕಲ್ಲ, ಒಳಕ್ಕೆ. ಅವಳ ಕೈ ಹಿಡಿಕೆಗೆ ತಾಗುವ ಮುಂಚೆ ಬಾಗಿಲು ಚೌಕಟ್ಟಿಗೆ ಬಡಿದು ಮುಚ್ಚಿತು. ಹೊರಗಿನ ಚಿಲಕ ಬಿತ್ತು.

ಅವಳು ಭುಜ ಕೊಟ್ಟು ಗುದ್ದಿದಳು. ಹಳೆಯ ಕಾಲದ ಹಲಸಿನ ಬಾಗಿಲು, ಅಲುಗಲಿಲ್ಲ. ಫೋನು ಎತ್ತಿ ಮಂಚಯ್ಯನಿಗೆ ಒತ್ತಿದಳು. ಗೋಡೆಗಳ ನಡುವೆ ಸಿಗ್ನಲ್ಲು ಒಂದು ಗೆರೆ ಮೂಡಿ ಅಳಿಸಿಹೋಯಿತು.

ಆಚೆ ಇಬ್ಬರು ಗಂಡಸರು ಪಿಸುಗುಟ್ಟುತ್ತಿದ್ದರು. ಒಬ್ಬ ಬೇಡ ಎಂದ. ಇನ್ನೊಬ್ಬ ಗಂಟಲು ಕೆರೆದು ಏನೋ ಹೇಳಿದ. ಬೇಡ ಎಂದವನು ಮತ್ತೆ ಬೇಡ ಎನ್ನಲಿಲ್ಲ.

ರುಕ್ಮಿಣಮ್ಮ ಎದ್ದು ಬಂದು ಬಾಗಿಲಿಗೆ ಎರಡೂ ಅಂಗೈ ಊರಿದಳು. ಮಗು ಮಲಗಿದ ಕೋಣೆಯ ಬಾಗಿಲನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟಿದಳು.

"ಸಾಗರಾ, ನಾನೂ ಒಳಗಿವ್ನಿ ಕಣಪ್ಪ."

ಆಚೆ ಹೆಜ್ಜೆಗಳು ಜಗುಲಿಯ ಕಡೆ ಸರಿದವು.

"ಮಗಾ, ನಾನು. ಅವ್ವ."

ಆಗ ಜಗುಲಿಯ ಕಡೆಯಿಂದ ಒಂದು ಸದ್ದು ಹೊರಟಿತು. ಭಾರವಾದ ಕಬ್ಬಿಣದ ಬಳೆ ಸಿಮೆಂಟಿನ ನೆಲವನ್ನು ಉಜ್ಜಿಕೊಂಡು ಗರಗರ ಉರುಳುವ ಸದ್ದು. ನಾಡಿನ ಎಲ್ಲ ಅಡಿಗೆಮನೆಗಳಲ್ಲೂ ಕೇಳುವ ಸದ್ದು ಅದು, ಯಾರಿಗೂ ಹೇಳಿಕೊಡಬೇಕಾಗಿಲ್ಲ. ಖಾಲಿಯದಾದರೆ ಹಗುರವಾಗಿ ಟಣಗುಟ್ಟುತ್ತದೆ. ಇದು ಟಣಗುಟ್ಟಲಿಲ್ಲ. ತುಂಬಿದ ಸಿಲಿಂಡರು.

ಉರುಳುತ್ತ ಬಂದು ಅದು ಬಾಗಿಲ ಬುಡಕ್ಕೆ ತಾಗಿ ನಿಂತಿತು. ಆಮೇಲೆ ಬಾಗಿಲ ಸಂದಿಯಿಂದ ಸುಯ್ಯೆನ್ನುವ ಗ್ಯಾಸಿನ ಸದ್ದು. ರುಕ್ಮಿಣಮ್ಮ ಅಂಗೈಗಳನ್ನು ಹಿಂದಕ್ಕೆಳೆದುಕೊಂಡಳು.